ಭೋಪಾಲದ ರಾಜಿ ಹಣ: ನಂಬಿಕೆ ಯಾವುದು, ನಿಜ ಯಾವುದು

ವ್ಯಾಜ್ಯವನ್ನು ತೀರ್ಪಿನವರೆಗೆ ಎಳೆಯದೆ ಮುಗಿಸಿಕೊಳ್ಳಲು ಪ್ರತಿವಾದಿ ಕಟ್ಟುವ ಇಡುಗಂಟೇ ರಾಜಿ ನಿಧಿ. ಹಣ ನ್ಯಾಯಾಲಯದ ಸುಪರ್ದಿಗೆ ಬರುತ್ತದೆ. ಯಾರಿಗೆ ಎಷ್ಟು ಎಂಬುದು ಒಂದೊಂದೇ ಅರ್ಜಿಯನ್ನು ಪರಿಶೀಲಿಸಿದ ಮೇಲೆ ತೀರ್ಮಾನವಾಗುತ್ತದೆ. ಭಾರತದಲ್ಲಿ ಇಂಥ ನಿಧಿಗೆ ಎದ್ದು ಕಾಣುವ ಉದಾಹರಣೆ ಭೋಪಾಲ ಅನಿಲ ದುರಂತದ್ದು. 1984ರ ಡಿಸೆಂಬರ್ 2-3ರ ನಡುರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿತು. 1989ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ 47 ಕೋಟಿ ಡಾಲರಿಗೆ ವ್ಯಾಜ್ಯವನ್ನು ಇತ್ಯರ್ಥಪಡಿಸಿತು. ಆ ಪೀಠದ ಐವರು ನ್ಯಾಯಮೂರ್ತಿಗಳಲ್ಲಿ ಇಬ್ಬರು ಕರ್ನಾಟಕದವರು: ಇ.ಎಸ್. ವೆಂಕಟರಾಮಯ್ಯ ಮತ್ತು ಎಂ.ಎನ್. ವೆಂಕಟಾಚಲಯ್ಯ.

ನ್ಯಾಯಾಲಯ ಕಂಪನಿಯನ್ನು ತಪ್ಪಿತಸ್ಥ ಎಂದು ಸಾರಿ ಹಾಕಿದ ದಂಡ ಇದು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಭಾರತ ಸರ್ಕಾರ ಕೇಳಿದ್ದು 330 ಕೋಟಿ ಡಾಲರ್. ಹೊಣೆ ಯಾರದೆಂಬ ವಿಚಾರಣೆ ಕೊನೆ ಮುಟ್ಟುವ ಮೊದಲೇ ರಾಜಿಯಾಯಿತು. ಸಂತ್ರಸ್ತರು ಒಪ್ಪಿ ಸಹಿ ಹಾಕಿದರೆಂಬುದೂ ಸರಿಯಲ್ಲ. 1985ರ ವಿಶೇಷ ಕಾಯ್ದೆ ಅವರೆಲ್ಲರ ಪರವಾಗಿ ದಾವೆ ಹೂಡುವ, ರಾಜಿ ಮಾಡಿಕೊಳ್ಳುವ ಅಧಿಕಾರವನ್ನು ಕೇಂದ್ರ ಸರ್ಕಾರವೊಂದಕ್ಕೇ ಕೊಟ್ಟಿತ್ತು. ಅವರನ್ನು ಕೇಳದೆಯೇ ಮೊತ್ತ ನಿಗದಿಯಾಯಿತು ಎಂಬ ದೂರು ಹುಟ್ಟಿದ್ದು ಇಲ್ಲಿಂದಲೇ, ಮತ್ತು ಆ ದೂರಿನಲ್ಲಿ ಹುರುಳಿದೆ.

ಹಣ ಜಮೆಯಾದರೆ ಕೈಗೆ ಸಿಕ್ಕಂತೆಯೇ ಎಂಬ ನಂಬಿಕೆ ಎಲ್ಲಕ್ಕಿಂತ ಗಟ್ಟಿಯಾದದ್ದು. ಕಂಪನಿ ಹಣ ಕಟ್ಟಲು ಗಡುವು ಇದ್ದದ್ದು 1989ರ ಮಾರ್ಚ್ 23; ಅರ್ಜಿಗಳು ತೀರ್ಮಾನವಾಗಿ ಹಣ ಹಂಚಿಕೆ ಆರಂಭವಾದದ್ದು 1992ರಲ್ಲಿ. ರಾಜಿ ಮೊತ್ತವನ್ನು ಲೆಕ್ಕ ಹಾಕುವಾಗ ಸುಮಾರು 3,000 ಸಾವು ಎಂದು ಅಂದಾಜಿಸಲಾಗಿತ್ತು. ಕೊನೆಗೆ 5,000ಕ್ಕೂ ಹೆಚ್ಚು ಸಾವುಗಳಿಗೆ ಪರಿಹಾರ ಮಂಜೂರಾಯಿತು. ಪರಿಹಾರ ಪಡೆದವರ ಒಟ್ಟು ಸಂಖ್ಯೆ 5.7 ಲಕ್ಷ ದಾಟಿತು. ಬಹುಪಾಲು ಮಂದಿಗೆ ಮಂಜೂರಾದದ್ದು ತಲಾ 25,000 ರೂಪಾಯಿ. ಅದೂ ಪೂರ್ತಿ ಕೈಸೇರಲಿಲ್ಲ. 1990ರಿಂದ ತಿಂಗಳಿಗೆ 200 ರೂಪಾಯಿಯಂತೆ ಕೊಟ್ಟಿದ್ದ ಮಧ್ಯಂತರ ಪರಿಹಾರವನ್ನು ಅದರಲ್ಲೇ ಮುರಿದುಕೊಳ್ಳಲಾಯಿತು.

ಹಾಗಾದರೆ ಉಳಿದ ಹಣವನ್ನು ಸರ್ಕಾರ ನುಂಗಿತೇ? ಈ ಮಾತೂ ಬಹುಕಾಲ ಓಡಾಡಿತು. ನಡೆದದ್ದು ಬೇರೆ. ಹಂಚಿಕೆ ತೆವಳುತ್ತಿದ್ದ ವರ್ಷಗಳಲ್ಲೇ ಡಾಲರಿನೆದುರು ರೂಪಾಯಿ ಕುಸಿಯಿತು, ಬಡ್ಡಿಯೂ ಬೆಳೆಯಿತು. ಹಂಚಿ ಮುಗಿದ ಮೇಲೂ ಸುಮಾರು 1,500 ಕೋಟಿ ರೂಪಾಯಿ ಉಳಿಯಿತು. 2004ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಸಂತ್ರಸ್ತರಿಗೇ ಹಂಚಲು ಆದೇಶಿಸಿತು. ಮೊದಲು ಮಂಜೂರಾಗಿದ್ದಷ್ಟೇ ಮೊತ್ತ ಇನ್ನೊಮ್ಮೆ ಬಂತು. ದುರಂತ ನಡೆದು ಆಗಲೇ ಎರಡು ದಶಕ ಕಳೆಯುತ್ತ ಬಂದಿತ್ತು ಎನ್ನುವುದನ್ನು ಮಾತ್ರ ಮರೆಯುವಂತಿಲ್ಲ.

ರಾಜಿಯಾದರೆ ಕ್ರಿಮಿನಲ್ ಮೊಕದ್ದಮೆಯೂ ಮುಗಿದಂತೆ ಎಂದು 1989ರ ಆದೇಶವೇ ಹೇಳಿತ್ತು ನಿಜ. ಆದರೆ 1991ರ ಅಕ್ಟೋಬರ್ 3ರ ಪುನರ್‌ಪರಿಶೀಲನಾ ತೀರ್ಪು ಆ ಭಾಗವನ್ನು ರದ್ದುಪಡಿಸಿತು. 2010ರ ಜೂನ್ 7ರಂದು ಯೂನಿಯನ್ ಕಾರ್ಬೈಡಿನ ಭಾರತೀಯ ಕಂಪನಿಯ ಅಧಿಕಾರಿಗಳಿಗೆ ಎರಡು ವರ್ಷಗಳ ಸಜೆಯಾಯಿತು. ನಿಧಿ ಸಾಲದಿದ್ದರೆ ಕೊರತೆ ತುಂಬಬೇಕಾದವರು ಕಂಪನಿಯಲ್ಲ, ಭಾರತ ಸರ್ಕಾರ ಎಂದೂ 1991ರ ಬಹುಮತದ ತೀರ್ಪು ಹೇಳಿತು. ಸರ್ಕಾರದ ಹೊಣೆ ಸಾಬೀತಾಗದೆ ಈ ಭಾರ ಹೊರಿಸಲಾಗದು ಎಂದು ನ್ಯಾಯಮೂರ್ತಿ ಎ.ಎಂ. ಅಹ್ಮದಿ ಭಿನ್ನಮತ ಬರೆದರು. ಹೆಚ್ಚುವರಿ ಪರಿಹಾರ ಕೋರಿ 2010ರಲ್ಲಿ ಕೇಂದ್ರ ಸಲ್ಲಿಸಿದ ಕ್ಯುರೇಟಿವ್ ಅರ್ಜಿ 2023ರ ಮಾರ್ಚ್ 14ರಂದು ವಜಾ ಆಯಿತು. ಸಂತ್ರಸ್ತರಿಗಾಗಿ 1991ರ ತೀರ್ಪಿನಲ್ಲೇ ಸೂಚಿಸಿದ್ದ ವಿಮಾ ಪಾಲಿಸಿಯನ್ನು ಮಾಡಿಸದ ಸರ್ಕಾರದ ನಡೆಯನ್ನು ಪೀಠ ಘೋರ ನಿರ್ಲಕ್ಷ್ಯ ಎಂದು ಕರೆಯಿತು.

ಇನ್ನು ತೆರಿಗೆ. ದೊಡ್ಡ ಮೊತ್ತ ಬಂದರೆ ತೆರಿಗೆ ಬಿದ್ದೇ ಬೀಳುತ್ತದೆ ಎನ್ನುವವರಿದ್ದಾರೆ. ನ್ಯಾಯಾಲಯದಿಂದ ಬಂದ ಹಣಕ್ಕೆ ತೆರಿಗೆಯೇ ಇಲ್ಲ ಎನ್ನುವವರೂ ಇದ್ದಾರೆ. ಇಬ್ಬರದೂ ಅರೆಸತ್ಯ. ಮೊತ್ತವಾಗಲಿ ಕೊಟ್ಟವರಾಗಲಿ ಇಲ್ಲಿ ಮುಖ್ಯವಲ್ಲ. ಆ ಹಣ ಯಾವ ನಷ್ಟಕ್ಕೆ ಬದಲಾಗಿ ಬಂತು ಎಂಬುದೇ ಪ್ರಶ್ನೆ. 1961ರ ಆದಾಯ ತೆರಿಗೆ ಕಾಯ್ದೆಯ 10(10ಬಿಬಿ) ಕಲಂ ಭೋಪಾಲ ಪರಿಹಾರಕ್ಕೆ ವಿನಾಯಿತಿ ನೀಡಿತು, ಆದರೆ ಒಂದು ಷರತ್ತಿನೊಂದಿಗೆ. ದುರಂತದಲ್ಲಿ ಸರಕು ಕಳೆದುಕೊಂಡ ವ್ಯಾಪಾರಿಯೊಬ್ಬ ಆ ನಷ್ಟವನ್ನು ಲೆಕ್ಕದಲ್ಲಿ ತೋರಿಸಿ ಮೊದಲೇ ತೆರಿಗೆ ಕಡಿತ ಪಡೆದಿದ್ದರೆ, ಪರಿಹಾರದಲ್ಲಿ ಅಷ್ಟು ಭಾಗಕ್ಕೆ ವಿನಾಯಿತಿ ಇಲ್ಲ. ಒಂದೇ ನಷ್ಟಕ್ಕೆ ಎರಡು ಸಲ ಲಾಭ ಸಲ್ಲದು ಎಂಬ ನ್ಯಾಯವಾದ ತರ್ಕ ಇದು.

ಅಮೆರಿಕದಲ್ಲಿ ಲೆಕ್ಕ ಬೇರೆ. ಅಲ್ಲಿನ ತೆರಿಗೆ ಸಂಹಿತೆಯ 468ಬಿ ಕಲಮಿನ ಪ್ರಕಾರ ಅರ್ಹ ರಾಜಿ ನಿಧಿಯೇ ಸ್ವತಃ ತೆರಿಗೆದಾರ. ಪ್ರತಿವಾದಿ ಕಟ್ಟಿದ ಮೂಲ ಹಣ ಆದಾಯವಲ್ಲ; ಆ ಹಣ ಗಳಿಸುವ ಬಡ್ಡಿ, ಲಾಭಾಂಶಗಳಿಗೆ ಟ್ರಸ್ಟ್‌ಗಳ ಗರಿಷ್ಠ ದರವಾದ ಶೇ. 37ರಂತೆ ತೆರಿಗೆ ಬೀಳುತ್ತದೆ. ಪರಿಹಾರ ಪಡೆಯುವವರಿಗೆ ದೈಹಿಕ ಗಾಯ ಅಥವಾ ಕಾಯಿಲೆಗೆ ಬಂದ ಮೊತ್ತ ತೆರಿಗೆಮುಕ್ತ. ದಂಡರೂಪದ ಪರಿಹಾರಕ್ಕೂ ಬಡ್ಡಿಗೂ ತೆರಿಗೆ ಇದೆ. ವಕೀಲರ ಪಾಲು ನೇರವಾಗಿ ವಕೀಲರಿಗೇ ಹೋಗುವುದರಿಂದ ಅದು ತಮ್ಮ ಆದಾಯವಲ್ಲ ಎಂಬ ಕಕ್ಷಿದಾರರ ವಾದವನ್ನೂ ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲಿ ತಳ್ಳಿಹಾಕಿತು. ಪರಿಹಾರಕ್ಕೆ ತೆರಿಗೆ ಇದ್ದಲ್ಲಿ ವಕೀಲರ ಪಾಲೂ ಸಾಮಾನ್ಯವಾಗಿ ಕಕ್ಷಿದಾರರ ಆದಾಯಕ್ಕೇ ಸೇರುತ್ತದೆ.

ವಿನಾಯಿತಿ ಸಲ್ಲುವುದು ಪರಿಹಾರದ ಹಣಕ್ಕೆ ಮಾತ್ರ. ಆ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ ಬರುವ ಬಡ್ಡಿ ಭಾರತದಲ್ಲಿಯೂ ಅಮೆರಿಕದಲ್ಲಿಯೂ ಮಾಮೂಲಿ ಆದಾಯವೇ.