ಹಳ್ಳದಾಚೆಯ ಶಾಲೆ

ಬೋಲ್ಟನ್ನಿನ ನಮ್ಮ ಬೀದಿಯ ತಿರುವಿನಲ್ಲಿ ಶಾಲಾದಿನಗಳ ಬೆಳಗ್ಗೆ ತಪ್ಪದೆ ಒಂದು ಹಳದಿ ಬಸ್ಸು ಬಂದು ನಿಲ್ಲುತ್ತದೆ. ಅದರ ಕೆಂಪು ದೀಪಗಳು ಮಿನುಗತೊಡಗಿ, ಪಕ್ಕದ ‘ನಿಲ್ಲಿ’ ಫಲಕ ತೆರೆದುಕೊಂಡಿತೆಂದರೆ ಮುಂದಿನಿಂದ ಬರುವ ವಾಹನವೂ ಹಿಂದಿನಿಂದ ಬರುವ ವಾಹನವೂ ಸ್ತಬ್ಧವಾಗುತ್ತವೆ. ನಿಲ್ಲದೆ ಸಾಗಿದ ಚಾಲಕನಿಗೆ ಒಂಟಾರಿಯೊ ಪ್ರಾಂತದ ಕಾನೂನಿನಂತೆ ಮೊದಲ ಬಾರಿಗೇ 400ರಿಂದ 2,000 ಡಾಲರ್‌ಗಳವರೆಗೆ ದಂಡ, ಜೊತೆಗೆ ಅವನ ಪರವಾನಗಿಯ ಮೇಲೆ ಆರು ಕಪ್ಪುಚುಕ್ಕೆ. ಆರು ವರ್ಷದ ನನ್ನ ಮೊಮ್ಮಗಳು ಈ ಯಾವುದರ ಅರಿವೂ ಇಲ್ಲದೆ, ಬೆನ್ನಿಗೊಂದು ಚೀಲ ಏರಿಸಿಕೊಂಡು, ನನ್ನ ಕಡೆ ಕೈಬೀಸಿ ಬಸ್ಸು ಹತ್ತುತ್ತಾಳೆ. ಒಬ್ಬ ಪುಟ್ಟ ಹುಡುಗಿ ಶಾಲೆಗೆ ಹೋಗಲೆಂದು ಇಡೀ ರಸ್ತೆಯೇ ಉಸಿರು ಬಿಗಿಹಿಡಿದು ನಿಂತಿರುವ ಆ ಅರೆಗಳಿಗೆಯಲ್ಲಿ ನನ್ನ ಮನಸ್ಸು ಮಾತ್ರ ಸಾವಿರಾರು ಮೈಲಿ ದೂರದ ಒಂದು ಹಳ್ಳದ ದಂಡೆಯಲ್ಲಿ ನಿಂತಿರುತ್ತದೆ.

ನನ್ನದು ತೀರ್ಥಹಳ್ಳಿ ತಾಲ್ಲೂಕಿನ, ಆಗುಂಬೆಗೆ ಸಮೀಪದ ಒಂದು ಹಳ್ಳಿ. ಅಲ್ಲಿಯ ಮಳೆಗಾಲವನ್ನು ಬಲ್ಲವರಿಗೆ ವಿವರಿಸಬೇಕಾದುದಿಲ್ಲ; ಅರಿಯದವರಿಗೆ ವಿವರಿಸಿ ತಿಳಿಸುವುದು ಸುಲಭವಲ್ಲ. ನಾಲ್ಕನೆಯ ತರಗತಿಯವರೆಗೆ ಶಾಲೆ ಊರಿನಲ್ಲೇ ಇತ್ತು. ಅನಂತರ ಮಾಧ್ಯಮಿಕ ಶಾಲೆಗೆ ಹೋಗಬೇಕಾದರೆ ಮೂರು ಮೈಲಿ ಕಾಡುದಾರಿ, ನಡುವೆ ಒಂದು ಹಳ್ಳ, ಹಳ್ಳಕ್ಕೆ ಅಡಕೆ ಮರದ ದಬ್ಬೆಗಳನ್ನು ಜೋಡಿಸಿ ಬಳ್ಳಿಯಿಂದ ಬಿಗಿದ ಕಾಲುಸಂಕ. ಆಷಾಢದಲ್ಲಿ ಪಾಚಿಗಟ್ಟಿದ ಆ ಸಂಕದ ಮೇಲೆ ಕಾಲಿಟ್ಟರೆ ಕೆಳಗೆ ಕೆಂಪುನೀರಿನ ಅಬ್ಬರ.

ನನ್ನ ತರಗತಿಯಲ್ಲಿ ನಮ್ಮೆಲ್ಲರಿಗಿಂತ ಬುದ್ಧಿವಂತಳಾದ ಹುಡುಗಿಯೊಬ್ಬಳಿದ್ದಳು. ಮಗ್ಗಿಯಲ್ಲಾಗಲಿ, ಕಾಗುಣಿತದಲ್ಲಾಗಲಿ ಅವಳನ್ನು ಮೀರಿಸಿದವರಿರಲಿಲ್ಲ. ನಾಲ್ಕನೆಯ ತರಗತಿ ಮುಗಿಯಿತು. ನಾನು ಹಳ್ಳ ದಾಟಿದೆ, ಅವಳು ದಾಟಲಿಲ್ಲ. ಗಂಡುಹುಡುಗನ ವಿಷಯದಲ್ಲಿ ಮನೆಯವರು ಕಟ್ಟಿಕೊಂಡ ಧೈರ್ಯವನ್ನು ಹೆಣ್ಣುಮಗಳ ವಿಷಯದಲ್ಲಿ ಕಟ್ಟಿಕೊಳ್ಳಲಿಲ್ಲ. ಹಳ್ಳ ದಾಟಿದವನು ಶಿವಮೊಗ್ಗೆ, ಬೆಂಗಳೂರು ಎನ್ನುತ್ತ ಕೊನೆಗೆ ಕಡಲನ್ನೂ ದಾಟಿ ಕೆನಡಾಕ್ಕೆ ಬಂದೆ. ಬಹುಕಾಲದವರೆಗೆ ಇದೆಲ್ಲ ನನ್ನ ಸ್ವಂತ ಪರಿಶ್ರಮದ ಫಲವೆಂದೇ ನಂಬಿದ್ದೆ.

ಕಳೆದ ಬಾರಿ ಊರಿಗೆ ಹೋದಾಗ ಅವಳನ್ನು ಕಂಡೆ. ಜಗಲಿಯ ಮೇಲೆ ಕೂತು ಮೊಮ್ಮಗನ ಲೆಕ್ಕ ತಿದ್ದುತ್ತಿದ್ದಳು. ಶಾಲೆ ಬಿಡಿಸಿದ ಅಪ್ಪನ ಮೇಲೆ ಸಿಟ್ಟಿಲ್ಲವೇ ಎಂದು ನಾನು ಕೇಳಬಾರದ್ದನ್ನು ಕೇಳಿದೆ. ಅವಳು ನಕ್ಕಳು. “ಅಪ್ಪ ಓದು ಬೇಡ ಅನ್ನಲಿಲ್ಲ ಮಾರಾಯ, ಹಳ್ಳ ಬೇಡ ಅಂದರು” ಎಂದಳು. ಸ್ವಲ್ಪ ತಡೆದು, “ನೀನಿರುವ ಊರಲ್ಲಿ ಹಳ್ಳ ಇಲ್ಲವಾ?” ಎಂದು ಕೇಳಿದಳು.

ಇದೆ. ಬೋಲ್ಟನ್ನಿನ ನಡುವೆಯೇ ಹಂಬರ್ ನದಿ ಹರಿಯುತ್ತದೆ. 1954ರ ಅಕ್ಟೋಬರಿನಲ್ಲಿ ‘ಹೇಜಲ್’ ಚಂಡಮಾರುತ ಅಪ್ಪಳಿಸಿದಾಗ ಇದೇ ನದಿ ಕೆಳಪಾತ್ರದಲ್ಲಿ ಉಕ್ಕಿ ಒಂದು ಬೀದಿಯ ಮನೆಗಳನ್ನೇ ಕೊಚ್ಚಿಕೊಂಡು ಹೋಯಿತು. ಒಂಟಾರಿಯೊದಲ್ಲಿ ಆ ಬಿರುಗಾಳಿಗೆ 81 ಜನ ಬಲಿಯಾದರು. ಅನಂತರವೇ ನದಿಯ ನೆರೆಬಯಲಿನಲ್ಲಿ ಮನೆ ಕಟ್ಟದಂತೆ ಬಿಗಿಯಾದ ನಿಯಮಗಳು ಬಂದವು. ಹಳದಿ ಬಸ್ಸೂ ಆಕಾಶದಿಂದ ಇಳಿದು ಬಂದದ್ದಲ್ಲ. ಅಮೆರಿಕದ ಗ್ರಾಮೀಣ ಶಿಕ್ಷಣತಜ್ಞ ಫ್ರಾಂಕ್ ಸೈರ್ 1939ರಲ್ಲಿ ನ್ಯೂಯಾರ್ಕಿನಲ್ಲಿ ಸಭೆ ಕರೆದು, ಹಳ್ಳಿಯ ಮಕ್ಕಳನ್ನು ಒಯ್ಯುವ ವಾಹನಗಳು ಹೇಗಿರಬೇಕೆಂದು ಚರ್ಚಿಸಿದಾಗ, ಮುಂಜಾವಿನ ಮಬ್ಬಿನಲ್ಲಿಯೂ ಕಣ್ಣಿಗೆ ಬೀಳಲೆಂದು ಆ ಬಣ್ಣವನ್ನು ಆರಿಸಿದರು. ಸುರಕ್ಷತೆ ಯಾವ ದೇಶಕ್ಕೂ ಹುಟ್ಟಿನಿಂದ ಬಂದ ಭಾಗ್ಯವಲ್ಲ. ಪೆಟ್ಟು ತಿಂದ ಸಮಾಜ ಕುಳಿತು ಯೋಚಿಸಿ ಕಟ್ಟಿಕೊಂಡದ್ದು.

ನಮ್ಮ ನಾಡೂ ಸುಮ್ಮನೆ ಕುಳಿತಿಲ್ಲ. ಕರ್ನಾಟಕದಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹ ಶಾಲೆಯ ಮಕ್ಕಳಿಗೆ ಬಿಸಿಯೂಟ ನೀಡಿತು. 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್ಲುಗಳು ಎಷ್ಟೋ ಹೆಣ್ಣುಮಕ್ಕಳನ್ನು ಪ್ರೌಢಶಾಲೆಯ ಬಾಗಿಲಿಗೆ ಮುಟ್ಟಿಸಿದವು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಎಲ್ಲ ಋತುಗಳಲ್ಲೂ ನಿಲ್ಲಬಲ್ಲ ಕಟ್ಟಡ, ಗಂಡು ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಶುದ್ಧ ಕುಡಿಯುವ ನೀರು, ಆವರಣಗೋಡೆ ಅಥವಾ ಬೇಲಿ ಇರಲೇಬೇಕೆಂದು ವಿಧಿಸಿತು. ಅದಕ್ಕೂ ಒಂದು ವರ್ಷ ಮೊದಲು, 94 ಮಕ್ಕಳನ್ನು ಬಲಿ ತೆಗೆದುಕೊಂಡ 2004ರ ಕುಂಭಕೋಣಂ ಶಾಲೆಯ ಅಗ್ನಿದುರಂತದ ಹಿನ್ನೆಲೆಯಲ್ಲಿ, ಸುರಕ್ಷಿತ ಶಾಲೆಯೂ ಶಿಕ್ಷಣದ ಹಕ್ಕಿನ ಅಂಗವೇ ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು.

ಆದರೆ ಶಾಲೆಯ ಸುರಕ್ಷತೆ ಶಾಲೆಯ ಗೇಟಿನಲ್ಲಿ ಆರಂಭವಾಗುವುದಲ್ಲ, ಮಗುವಿನ ಮನೆಯ ಹೊಸ್ತಿಲಲ್ಲಿ ಆರಂಭವಾಗುವುದು. 2022ರ ಆಗಸ್ಟ್ ತಿಂಗಳಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಎರಡನೆಯ ತರಗತಿಯ ಬಾಲಕಿಯೊಬ್ಬಳು ಕಾಲುಸಂಕ ದಾಟುವಾಗ ಹಳ್ಳದ ಪಾಲಾದಳು. ಆ ಸುದ್ದಿ ಓದಿದ ದಿನ ನನ್ನ ಗೆಳತಿಯ ತಂದೆಯ ಭಯ ಅಜ್ಞಾನವಾಗಿರಲಿಲ್ಲ ಎಂಬುದು ನನಗೆ ಮನವರಿಕೆಯಾಯಿತು. ಹಳ್ಳಿಯ ತಾಯಿತಂದೆಯರಿಗೆ ವಿದ್ಯೆಯ ಮಹತ್ವವನ್ನು ಬೋಧಿಸಲು ನಾವು ಸದಾ ಸಿದ್ಧ. ಅವರಿಗೆ ಅದು ಗೊತ್ತಿದೆ. ಅವರು ಕೇಳುವುದು ಬೇರೆಯದನ್ನು: ಬೆಳಗ್ಗೆ ಹೋದ ಮಗು ಸಂಜೆ ಮರಳುವುದೇ? ದಾರಿಯಲ್ಲಿ ಕಾಡುವವರಿಲ್ಲವೇ? ಮೈನೆರೆದ ಮಗಳಿಗೆ ಶಾಲೆಯಲ್ಲಿ ಬಾಗಿಲೂ ನೀರೂ ಇರುವ ಶೌಚಾಲಯವಿದೆಯೇ?

ಇಲ್ಲಿ ನೆರೆದಿರುವ ನಮ್ಮಲ್ಲಿ ಬಹುಮಂದಿ ಕನ್ನಡ ಶಾಲೆಯ ಮಣ್ಣಿನ ನೆಲದ ಮೇಲೆ ಕುಳಿತು ಕಲಿತವರು. ಕೃತಜ್ಞತೆಯಿಂದ ಹುಟ್ಟೂರಿನ ಶಾಲೆಗೆ ಕೊಠಡಿ ಕಟ್ಟಿಸಿದವರು, ಗಣಕಯಂತ್ರ ಕಳುಹಿಸಿದವರು ಅನೇಕರಿದ್ದಾರೆ. ನಾನೂ ಒಮ್ಮೆ ಗಣಕಯಂತ್ರಗಳನ್ನು ಕಳುಹಿಸಿದೆ. ಮಳೆಗಾಲದಲ್ಲಿ ವಿದ್ಯುತ್ತಿಲ್ಲದೆ ಅವು ಧೂಳು ಹಿಡಿದು ಕುಳಿತವು. ಸಂಕ ದಾಟಲಾಗದ ಮಕ್ಕಳು ಆ ದಿನಗಳಲ್ಲಿ ಶಾಲೆಗೇ ಬಂದಿರಲಿಲ್ಲ. ನನ್ನ ದಾನ ನನ್ನ ಸಂತೋಷಕ್ಕಾಯಿತೇ ಹೊರತು ಅವರ ಅಗತ್ಯಕ್ಕಾಗಲಿಲ್ಲ.

ಆದ್ದರಿಂದ ಬಂಧುಗಳಲ್ಲಿ ನನ್ನದೊಂದು ವಿನಮ್ರ ವಿನಂತಿ. ಮುಂದಿನ ಬಾರಿ ಊರಿಗೆ ಹೋದಾಗ ಶಾಲೆಗೆ ಕಾರಿನಲ್ಲಿ ಹೋಗಬೇಡಿ. ಅತಿ ದೂರದಿಂದ ಬರುವ ಮಗುವಿನ ಮನೆಯಿಂದ, ಸಾಧ್ಯವಾದರೆ ಮಳೆಗಾಲದಲ್ಲಿ, ಆ ಮಗುವಿನೊಡನೆ ನಡೆದು ಹೋಗಿ. ಏನು ಬೇಕೆಂಬುದನ್ನು ಆ ದಾರಿಯೇ ಹೇಳುತ್ತದೆ. ಬಳಿಕ ಶಾಲಾಭಿವೃದ್ಧಿ ಸಮಿತಿಯವರೊಡನೆ ಕುಳಿತು ಮಾತಾಡಿ. ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಏನು ಕೇಳಿದ್ದಾರೆಂದು ವಿಚಾರಿಸಿ. ಸೇತುವೆ ಸರ್ಕಾರದ ಹೊಣೆ. ಅದಕ್ಕಾಗಿ ಒತ್ತಾಯಿಸುವ ಅರ್ಜಿಗೆ ನಮ್ಮ ಸಹಿಯೂ ಇರಲಿ. ಶೌಚಾಲಯಕ್ಕೆ ನೀರಿನ ತೊಟ್ಟಿ, ಅದನ್ನು ಶುಚಿಯಾಗಿಡುವವರ ಸಂಬಳ, ದೂರದ ಮಕ್ಕಳನ್ನು ಕರೆತರುವ ಒಂದು ಜೀಪಿನ ಬಾಡಿಗೆ — ಇವು ನಮ್ಮ ಕೈಗೆಟಕುವಂಥವು. ಇವುಗಳ ಮೇಲೆ ಯಾರ ಹೆಸರಿನ ಫಲಕವೂ ಇರುವುದಿಲ್ಲ. ಇಲ್ಲದಿದ್ದರೇನಂತೆ?

ನಾಳೆ ಬೆಳಗ್ಗೆ ಮತ್ತೆ ನಮ್ಮ ಬೀದಿಯಲ್ಲಿ ಹಳದಿ ಬಸ್ಸು ನಿಲ್ಲುತ್ತದೆ, ನನ್ನ ಮೊಮ್ಮಗಳು ಕೈಬೀಸುತ್ತಾಳೆ. ಆಗುಂಬೆಯ ಮಗ್ಗುಲಿನ ಅಜ್ಜಿಯೊಬ್ಬಳೂ ಅಷ್ಟೇ ನಿಶ್ಚಿಂತೆಯಿಂದ ಮೊಮ್ಮಕ್ಕಳನ್ನು ಬೀಳ್ಕೊಟ್ಟು ಒಳಗೆ ಹೋಗುವಂತಾಗಲಿ. ಅವಳು ಕಲಿಯಲಾಗದೆ ಉಳಿದ ಪಾಠಗಳ ಋಣ ನನ್ನ ಮೇಲಿದೆ.