ಹೋಗುವಾಗ ಎಂಟು ಗಂಟೆ, ಬರುವಾಗ ಹತ್ತು

ಗೋಳದ ಮೇಲೆ ಬೆಂಗಳೂರಿನಿಂದ ಟೋಕಿಯೊದ ನರಿಟಾ ವಿಮಾನ ನಿಲ್ದಾಣಕ್ಕೆ ದಾರ ಹಿಡಿದು ಅಳೆದರೆ ಸುಮಾರು 6,700 ಕಿಲೋಮೀಟರ್. ದಾರ ಬಂಗಾಳ ಕೊಲ್ಲಿ, ಮ್ಯಾನ್ಮಾರ್, ದಕ್ಷಿಣ ಚೀನಾಗಳನ್ನು ದಾಟುತ್ತದೆ. ಇದೇ ದಾರಿಯನ್ನು ಗೋಡೆಯ ಭೂಪಟದಲ್ಲಿ ಬರೆದರೆ ಉತ್ತರಕ್ಕೆ ಬಾಗಿದ ಬಿಲ್ಲಿನಂತೆ ಕಾಣುತ್ತದೆ. ಆದರೂ ಹತ್ತಿರದ ದಾರಿ ಅದೇ. ಗುಂಡಗಿರುವ ಭೂಮಿಯನ್ನು ಕಾಗದದ ಮೇಲೆ ಚಪ್ಪಟೆ ಮಾಡಿದಾಗ ಆಗುವ ಎಡವಟ್ಟು ಅದು.

ಜಪಾನ್ ಏರ್‌ಲೈನ್ಸ್ ಈ ಎರಡು ಊರುಗಳ ನಡುವೆ ನೇರ ವಿಮಾನ ಆರಂಭಿಸಿದ್ದು 2021ರಲ್ಲಿ. ಹೋಗಲು ಸುಮಾರು ಎಂಟು ಗಂಟೆ ಬೇಕು, ಬರಲು ಹೆಚ್ಚುಕಡಿಮೆ ಹತ್ತು. ದೂರ ಒಂದೇ, ವಿಮಾನವೂ ಒಂದೇ. ಮತ್ತೇಕೆ ಈ ವ್ಯತ್ಯಾಸ?

ಭೂಮಿ ಪೂರ್ವಕ್ಕೆ ತಿರುಗುತ್ತದಲ್ಲ, ಹಾಗಾದರೆ ಪಶ್ಚಿಮಕ್ಕೆ ಬರುವಾಗ ಬೆಂಗಳೂರೇ ಎದುರು ಬರಬೇಕಲ್ಲವೇ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆಯೇ. ಆದರೆ ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ಆ ಗಾಳಿಯಲ್ಲಿರುವ ವಿಮಾನವೂ ತಿರುಗುತ್ತದೆ. ಆದ್ದರಿಂದ ಆ ಲಾಭ ಸಿಗುವುದಿಲ್ಲ.

ನಿಜವಾದ ಕಾರಣ ಹತ್ತು ಕಿಲೋಮೀಟರ್ ಎತ್ತರದಲ್ಲಿದೆ. ಸೈಬೀರಿಯಾದ ಕೊರೆಯುವ ಚಳಿಗಾಳಿ ಮತ್ತು ದಕ್ಷಿಣದ ಬೆಚ್ಚನೆಯ ಗಾಳಿ ಸಂಧಿಸುವ ಪಟ್ಟಿಯ ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೊಂದು ಹರಿಯುತ್ತದೆ. ಅದಕ್ಕೆ ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಎರಡು ಗಾಳಿಗಳ ಉಷ್ಣತೆಯ ಅಂತರ ಹೆಚ್ಚಿದಷ್ಟೂ ಅದಕ್ಕೆ ರಭಸ ಹೆಚ್ಚು. ಚಳಿಗಾಲದಲ್ಲಿ ಜಪಾನಿನ ಮೇಲೆ ಅದು ಗಂಟೆಗೆ 300 ಕಿಲೋಮೀಟರ್ ದಾಟುವುದುಂಟು.

ಇದನ್ನು ಮೊದಲು ಕ್ರಮವಾಗಿ ಅಳೆದವರು ಜಪಾನಿನ ಹವಾಮಾನ ತಜ್ಞ ವಾಸಾಬುರೊ ಓಯಿಶಿ. 1920ರ ದಶಕದಲ್ಲಿ ತಾತೆನೊ ವೀಕ್ಷಣಾಲಯದಿಂದ ಬಲೂನು ಹಾರಿಬಿಟ್ಟು, ಅವು ಸಾಗುವ ದಿಕ್ಕನ್ನೂ ವೇಗವನ್ನೂ ದಾಖಲಿಸಿದರು. ಜಗತ್ತೆಲ್ಲ ಓದಲಿ ಎಂದು 1926ರಲ್ಲಿ ವರದಿಯನ್ನು, ಎಲ್ಲ ದೇಶದವರಿಗೂ ಸಾಮಾನ್ಯವಾಗಲೆಂದು ಕಟ್ಟಿದ ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಜಗತ್ತು ಓದಲಿಲ್ಲ! 1944ರಲ್ಲಿ ಟೋಕಿಯೊ ಮೇಲೆ ಬಾಂಬು ಹಾಕಲು ಬಂದ ಅಮೆರಿಕದ ಬಿ-29 ವಿಮಾನಗಳು ಇದೇ ಗಾಳಿಗೆ ಸಿಕ್ಕಿ ಗುರಿ ತಪ್ಪಿದವು.

ಈಗ ಲೆಕ್ಕಕ್ಕೆ ಬರೋಣ. ವಿಮಾನದ ವೇಗ ಗಂಟೆಗೆ 900 ಕಿಲೋಮೀಟರ್ ಎನ್ನಿ. ಅದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ, ನೆಲಕ್ಕೆ ಹೋಲಿಸಿದ್ದಲ್ಲ. ದಾರಿಯುದ್ದಕ್ಕೂ ಸರಾಸರಿ 100 ಕಿಲೋಮೀಟರ್ ವೇಗದ ಗಾಳಿ ಬೆನ್ನಿಗಿದ್ದರೆ ನೆಲದ ಮೇಲೆ ಗಂಟೆಗೆ 1,000 ಕ್ರಮಿಸಿದಂತಾಗಿ, ಪಯಣ 6 ಗಂಟೆ 42 ನಿಮಿಷದಲ್ಲಿ ಮುಗಿಯುತ್ತದೆ. ಅದೇ ಗಾಳಿ ಎದುರಾದರೆ 800 ಮಾತ್ರ, ಆಗ 8 ಗಂಟೆ 22 ನಿಮಿಷ. ಇದರ ಮೇಲೆ ರನ್‌ವೇಗೆ ಸಾಗುವುದು, ಏರುವುದು, ಇಳಿಯುವುದು, ವಾಯುಮಾರ್ಗದ ಸುತ್ತುಬಳಸು ಎಲ್ಲ ಸೇರಬೇಕು.

ಟಿಕೆಟ್ಟಿನಲ್ಲಿ ಹೊರಡುವ ಮತ್ತು ತಲುಪುವ ಹೊತ್ತು ಆಯಾ ಊರಿನ ಗಡಿಯಾರದ್ದು. ಟೋಕಿಯೊ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಹಾರಾಟದ ಅವಧಿ ತಿಳಿಯಲು ಈ ಎರಡು ಹೊತ್ತುಗಳ ಅಂತರದಿಂದ ಹೋಗುವಾಗ ಅಷ್ಟನ್ನು ಕಳೆಯಿರಿ, ಬರುವಾಗ ಅಂತರಕ್ಕೆ ಕೂಡಿಸಿ. ಬೆಂಗಳೂರಿನಲ್ಲಿ ಇಳಿದು ಇನ್ನೊಂದು ವಿಮಾನ ಹಿಡಿಯುವವರು ದೂರವನ್ನು ವೇಗದಿಂದ ಭಾಗಿಸಿದ ಅಂದಾಜನ್ನು ನಂಬಬೇಡಿ. ವೇಳಾಪಟ್ಟಿ ನೋಡಿ, ಅದರಲ್ಲೂ ಚಳಿಗಾಲದ್ದನ್ನು.