ಸಾವಿರ ಬೀಡಿಯ ಕೂಲಿ

ಕಾರ್ಕಳದ ಸುತ್ತಿನ ಹಳ್ಳಿಗಳಲ್ಲಿ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಒಂದು ಸುತ್ತು ಹಾಕಿ ಬಂದವರಿಗೆ ಈ ನೋಟ ಹೊಸದಲ್ಲ. ಗಂಜಿಯೂಟ ಮುಗಿದು, ಪಾತ್ರೆ ತೊಳೆದು, ದನಕ್ಕೆ ನೀರಿಟ್ಟಾದ ಮೇಲೆ ಮನೆಯೊಡತಿ ಜಗಲಿಯ ಗೋಡೆಗೊರಗಿ ಕಾಲು ನೀಡಿ ಕುಳಿತುಕೊಳ್ಳುತ್ತಾಳೆ. ತೊಡೆಯ ಮೇಲೆ ಒಂದು ಮೊರ. ತುಳುವರ ಬಾಯಲ್ಲಿ ಅದು ತಡ್ಪೆ. ಮೊರದಲ್ಲಿ ನೀರಿನಲ್ಲಿ ನೆನೆಸಿ ಹದಮಾಡಿದ ಎಲೆ, ಒಂದು ಕತ್ತರಿ, ಅಳತೆಗೆಂದು ತಗಡಿನ ತುಂಡು, ಹೊಗೆಸೊಪ್ಪಿನ ಪುಡಿ, ನೂಲು. ನೆರೆಮನೆಯವಳೊಡನೆ ಮಾತು ಸಾಗಿಯೇ ಇರುತ್ತದೆ. ಕೈ ತನ್ನ ಪಾಡಿಗೆ ಕತ್ತರಿಸುತ್ತದೆ, ಸುತ್ತುತ್ತದೆ, ತುದಿ ಮಡಿಸುತ್ತದೆ, ನೂಲು ಬಿಗಿಯುತ್ತದೆ. ಎಲೆ ಬಂದದ್ದು ಮಧ್ಯಪ್ರದೇಶ, ಒಡಿಶಾಗಳ ಕಾಡಿನಿಂದ. ಹೊಗೆಸೊಪ್ಪು ನಿಪ್ಪಾಣಿಯ ಕಡೆಯಿಂದ. ಕಟ್ಟಿದ ಬೀಡಿಯನ್ನು ಸೇದುವವನು ಯಾವ ಊರಿನವನೋ ದೇವರೇ ಬಲ್ಲ. ಈ ವ್ಯಾಪಾರದಲ್ಲಿ ಕರಾವಳಿಯ ಪಾಲು ಎಂದರೆ ಎರಡು ಕೈಗಳು ಮಾತ್ರ.

ಆ ಕೈಗಳಿಗೆ ಎಷ್ಟು ಸಲ್ಲಬೇಕು? ಕೊಂಚ ಹೆಚ್ಚು ಕೊಡಿಸಹೊರಟರೆ ಇದ್ದ ಕೆಲಸವೂ ಕೈಬಿಟ್ಟುಹೋದೀತೇ?

ಮೊದಲ ಪ್ರಶ್ನೆಗೆ ಉತ್ತರ ಹೇಳುವ ಹೊಣೆಯನ್ನು ಸರಕಾರ ಬಹಳ ಹಿಂದೆಯೇ ಹೊತ್ತುಕೊಂಡಿತು. 1948ರ ಕನಿಷ್ಠ ವೇತನ ಕಾಯಿದೆಯ ಮೂಲ ಅನುಸೂಚಿಯಲ್ಲಿಯೇ ಬೀಡಿಯ ಹೆಸರಿತ್ತು. ಇಲ್ಲಿ ಕೂಲಿಯ ಲೆಕ್ಕ ದಿನಕ್ಕಲ್ಲ, ಸಾವಿರಕ್ಕೆ. ಸಾವಿರ ಬೀಡಿಗೆ ಇಷ್ಟು, ಅದರ ಮೇಲೆ ತುಟ್ಟಿಭತ್ಯೆ ಇಷ್ಟು ಎಂದು ರಾಜ್ಯಪತ್ರದಲ್ಲಿ ಅಚ್ಚಾಗುತ್ತದೆ. ಎರಡನೆಯ ಪ್ರಶ್ನೆಗೆ ಮಾತ್ರ ಒಮ್ಮತದ ಉತ್ತರ ಇಂದಿಗೂ ದೊರೆತಿಲ್ಲ. ಉಡುಪಿಯ ಹೋಟೆಲುಗಳ ಕಾಫಿ ಮೇಜಿನಲ್ಲಿಯೂ ಅದೇ ವಾದ, ಮಣಿಪಾಲದ ತರಗತಿಗಳಲ್ಲಿಯೂ ಅದೇ ವಾದ. ಒಬ್ಬರೆನ್ನುತ್ತಾರೆ: ವಸ್ತುವಿನ ಬೆಲೆ ಏರಿದರೆ ಕೊಳ್ಳುವವರು ಕಡಿಮೆಯಾಗುವಂತೆ ದುಡಿಮೆಯ ಬೆಲೆ ಏರಿದರೂ ಕೊಳ್ಳುವವರು ಕಡಿಮೆಯಾಗುತ್ತಾರೆ, ಕಾಯಿದೆಯಿಂದ ಕೂಲಿ ಹೆಚ್ಚುತ್ತದೆ, ಕೆಲಸ ಕಡಿಮೆಯಾಗುತ್ತದೆ. ಇನ್ನೊಬ್ಬರ ಮಾತು: ಹಸಿದವನೊಡನೆ ನಡೆಯುವ ಚೌಕಾಸಿ ಚೌಕಾಸಿಯೇ ಅಲ್ಲ, ಕಾಯಿದೆ ಅಡ್ಡ ನಿಲ್ಲದಿದ್ದರೆ ಕೂಲಿ ಪಾತಾಳ ಸೇರುತ್ತದೆ.

ಇದು ನಮ್ಮ ಊರಿನ ಜಗಳ ಮಾತ್ರವಲ್ಲ. ಜಾರ್ಜ್ ಸ್ಟಿಗ್ಲರ್ ಎಂಬ ಅರ್ಥಶಾಸ್ತ್ರಜ್ಞ 1946ರಲ್ಲಿಯೇ ಮೊದಲನೆಯ ವಾದವನ್ನು ಬಲವಾಗಿ ಮಂಡಿಸಿದ್ದ. ಅಮೆರಿಕದ ನ್ಯೂಜೆರ್ಸಿ ಸಂಸ್ಥಾನ 1992ರಲ್ಲಿ ಗಂಟೆಯ ಕನಿಷ್ಠ ವೇತನವನ್ನು 4.25 ಡಾಲರಿನಿಂದ 5.05ಕ್ಕೆ ಏರಿಸಿತು; ಪಕ್ಕದ ಪೆನ್ಸಿಲ್ವೇನಿಯ ಏರಿಸಲಿಲ್ಲ. ಡೇವಿಡ್ ಕಾರ್ಡ್, ಆಲನ್ ಕ್ರೂಗರ್ ಎಂಬ ಇಬ್ಬರು ವಿದ್ವಾಂಸರು ಎರಡೂ ಕಡೆಯ ನಾನೂರಕ್ಕೂ ಹೆಚ್ಚು ತಿಂಡಿಯಂಗಡಿಗಳ ಲೆಕ್ಕ ತೆಗೆದು ನೋಡಿದರು. ನ್ಯೂಜೆರ್ಸಿಯಲ್ಲಿ ಕೆಲಸಗಾರರ ಸಂಖ್ಯೆ ಕುಗ್ಗಿರಲಿಲ್ಲ. 1994ರಲ್ಲಿ ಪ್ರಕಟವಾದ ಈ ಶೋಧನೆ ಪಂಡಿತರ ನಡುವೆ ದೊಡ್ಡ ಕೋಲಾಹಲವನ್ನೇ ಎಬ್ಬಿಸಿತು. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಪಾರಿತೋಷಕವೂ ದೊರೆಯಿತು.

ಆದರೆ ಕಾರ್ಕಳದ ಜಗಲಿಗೆ ಈ ಪಾಠವನ್ನು ಹಾಗೆಯೇ ತಂದು ಒಪ್ಪಿಸುವಂತಿಲ್ಲ. ತಿಂಡಿಯಂಗಡಿ ತಿನ್ನುವವರಿದ್ದಲ್ಲಿಯೇ ಇರಬೇಕು. ನ್ಯೂಜೆರ್ಸಿಯ ಅಂಗಡಿ ಕೂಲಿಗೆ ಹೆದರಿ ಪೆನ್ಸಿಲ್ವೇನಿಯಕ್ಕೆ ಓಡಲಾರದು. ಬೀಡಿಯ ಮೊರ ಓಡಬಲ್ಲದು. ಅದು ಓಡಿದ ಕಥೆ ನಮ್ಮ ನೆರೆಯಲ್ಲಿಯೇ ನಡೆದಿದೆ.

1966ರಲ್ಲಿ ಕೇಂದ್ರ ಸರಕಾರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯನ್ನು ಮಾಡಿತು. ಅದನ್ನು ಆಚರಣೆಗೆ ತರುವ ಕೆಲಸ ರಾಜ್ಯಗಳದು. ಕೇರಳ ಮುಂದೆ ಬಂದಿತು. ಆಗ ಕಣ್ಣೂರು ಜಿಲ್ಲೆಯಲ್ಲಿ—ಇಂದಿನ ಕಾಸರಗೋಡೂ ಆ ಜಿಲ್ಲೆಗೇ ಸೇರಿತ್ತು—ಸಾವಿರಾರು ಜನ ಬೀಡಿ ಕಟ್ಟುತ್ತಿದ್ದರು. ಕಟ್ಟಿಸುತ್ತಿದ್ದವರಲ್ಲಿ ಮಂಗಳೂರಿನ ಗಣೇಶ್ ಬೀಡಿಯದು ದೊಡ್ಡ ಹೆಸರು. ಅಲ್ಲಿನವರು ಮನೆಯ ಜಗಲಿಯಲ್ಲಿ ಒಬ್ಬೊಬ್ಬರೇ ಕುಳಿತು ಕಟ್ಟುವವರಲ್ಲ. ಕೆಲಸದ ಕೊಟ್ಟಿಗೆಗಳಲ್ಲಿ ಸಾಲಾಗಿ ಕುಳಿತು, ತಮ್ಮಲ್ಲೊಬ್ಬನಿಂದ ದಿನಪತ್ರಿಕೆಯನ್ನು ಗಟ್ಟಿಯಾಗಿ ಓದಿಸಿ ಕೇಳುತ್ತ ಕಟ್ಟುವವರು. ಕಾಯಿದೆಯಲ್ಲಿ ತಮಗೇನು ಬರೆದಿದೆಯೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕಾಯಿದೆ ಜಾರಿಗೆ ಬರುತ್ತದೆಂದಾಗ, 1968ರ ಅಕ್ಟೋಬರಿನಲ್ಲಿ, ಕಂಪೆನಿ ಅಲ್ಲಿನ ಡಿಪೋಗಳ ಬಾಗಿಲು ಹಾಕಿತು. ಸುಮಾರು 12,000 ಮಂದಿ ಬೀದಿಗೆ ಬಿದ್ದರು. ಎಲೆ, ಹೊಗೆಸೊಪ್ಪುಗಳು ಗಡಿ ದಾಟಿ ಇತ್ತ ಬಂದವು. ಇತ್ತ ಆ ಕಾಯಿದೆಯ ಬಿಸಿ ಇನ್ನೂ ತಟ್ಟಿರಲಿಲ್ಲ.

ಕೂಲಿ ಏರಿದರೆ ಕೆಲಸ ಹೋಗುತ್ತದೆ ಎನ್ನುವವರು ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಗೆದ್ದೆವೆಂದುಕೊಳ್ಳುತ್ತಾರೆ. ಅದು ಅವಸರದ ತೀರ್ಪು. ಕೆಲಸ ಹೋದದ್ದು ಕಾಯಿದೆಯಿಂದಲ್ಲ. ಗಡಿಯ ಒಂದು ಬದಿಯಲ್ಲಿ ಕಾಯಿದೆ ಇದ್ದು ಇನ್ನೊಂದು ಬದಿಯಲ್ಲಿ ಇಲ್ಲದೆ ಹೋದದ್ದರಿಂದ. ಬೀದಿಗೆ ಬಿದ್ದವರು ಸುಮ್ಮನೆ ಕೂರಲಿಲ್ಲವೆಂಬುದೂ ಗಮನಾರ್ಹ. ಸರಕಾರದ ನೆರವಿನಿಂದ 1969ರ ಫೆಬ್ರವರಿಯಲ್ಲಿ ಅವರು ದಿನೇಶ್ ಬೀಡಿ ಎಂಬ ಸಹಕಾರ ಸಂಘವನ್ನು ಕಟ್ಟಿಕೊಂಡರು. ಕಾಯಿದೆಯ ಕೂಲಿಯನ್ನು ಕೊಟ್ಟುಕೊಂಡೇ ಅದು ಬೆಳೆಯಿತು. ಏಳಿಗೆಯ ದಿನಗಳಲ್ಲಿ ಅದರಲ್ಲಿ ದುಡಿಯುತ್ತಿದ್ದವರ ಸಂಖ್ಯೆ 40,000ವನ್ನು ಮೀರಿತ್ತು.

ಇತ್ತ ಕಡೆಯ ಕಥೆ ಬೇರೆ. ಇಲ್ಲಿ ಬೀಡಿ ಮನೆಯೊಳಗೆ ಹೊಕ್ಕಿತು, ಹೆಂಗಸರ ಕೈ ಸೇರಿತು. ಮನೆಯಲ್ಲಿ ಕುಳಿತು ಕಟ್ಟುವವಳು ಕಾರ್ಮಿಕಳೇ ಅಲ್ಲ, ನಡುವಿನ ಗುತ್ತಿಗೆದಾರನೇ ಎಲ್ಲಕ್ಕೂ ಹೊಣೆ ಎಂಬ ವಾದ ನ್ಯಾಯಾಲಯದ ಮೆಟ್ಟಿಲೇರಿತು. 1974ರಲ್ಲಿ ಸುಪ್ರೀಮ್ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. 1977ರಲ್ಲಿ ಭವಿಷ್ಯನಿಧಿ ಬೀಡಿಗೂ ಅನ್ವಯವಾಯಿತು. ಮನೆಯಲ್ಲಿ ಕಟ್ಟುವವರಿಗೂ ಅದು ಸಲ್ಲತಕ್ಕದ್ದೆಂದು 1985ರಲ್ಲಿ ಮತ್ತೆ ಅದೇ ನ್ಯಾಯಾಲಯ ಹೇಳಬೇಕಾಯಿತು.

ತೀರ್ಪು ಬಂದರೂ ಮೊರದ ಬಳಿಗೆ ಅದು ಇಡಿಯಾಗಿ ಬರುವುದಿಲ್ಲ. ಬೀಡಿ ಒಪ್ಪಿಸುವ ತಾಣಕ್ಕೆ ನಮ್ಮ ಜನ ಬ್ರಾಂಚು ಎನ್ನುತ್ತಾರೆ. ಅಲ್ಲಿ ಎಣಿಸುವವನು ಕಟ್ಟು ಬಿಚ್ಚಿ ನೋಡಿ, ಇದು ಸಡಿಲ, ಇದು ಸಪೂರ ಎಂದು ಒಂದು ಹಿಡಿ ಬೀಡಿಯನ್ನು ಬದಿಗೆ ತಳ್ಳಿದರೆ ಆ ಹಿಡಿಗೆ ಕೂಲಿಯಿಲ್ಲ. ಕೊಟ್ಟ ಎಲೆ ಹರಿದದ್ದಾಗಿ ಸಾವಿರ ತುಂಬದಿದ್ದರೆ ಕೊರತೆಯ ಎಲೆಯನ್ನು ಕೈಯ ಹಣದಿಂದ ಕೊಂಡು ತುಂಬಿಸಬೇಕು. ರಾಜ್ಯಪತ್ರದ ಅಂಕಿಗೂ ಸೆರಗಿನ ಗಂಟಿಗೂ ನಡುವಿನ ಅಂತರ ಹೀಗೆ ಬೆಳೆಯುತ್ತದೆ. ಇಂಗ್ಲೆಂಡಿನ ಕ್ರಾಡ್ಲಿ ಹೀತ್ ಎಂಬ ಊರಿನಲ್ಲಿ ಮನೆಯ ಹಿಂದಿನ ಕುಲುಮೆಯಲ್ಲಿ ಸರಪಳಿ ಬಡಿಯುತ್ತಿದ್ದ ಹೆಂಗಸರ ಪಾಡೂ ಇದೇ ಆಗಿತ್ತು. 1909ರ ಕಾಯಿದೆಯ ಪ್ರಕಾರ ಅವರಿಗೆ ಗಂಟೆಗೆ ಎರಡೂವರೆ ಪೆನ್ನಿ ನಿಗದಿಯಾಯಿತು. ಮಾಲೀಕರು ಮಾಡಿದ್ದೇನು? ‘ನಮಗೆ ಆ ದರ ಬೇಡ’ ಎಂಬ ಕಾಗದಕ್ಕೆ ಅವರಿಂದಲೇ ಸಹಿ ಹಾಕಿಸಹೊರಟರು. 1910ರಲ್ಲಿ ಆ ಹೆಂಗಸರು ವಾರಗಟ್ಟಲೆ ಸುತ್ತಿಗೆ ಕೆಳಗಿಟ್ಟು ಕುಳಿತ ಮೇಲೆಯೇ ಎರಡೂವರೆ ಪೆನ್ನಿ ಕೈಗೆ ಬಂದದ್ದು.

ಇನ್ನು ತೆರಿಗೆಯ ಮಾತು. ಬೀಡಿ ಸೇದುವುದರಿಂದ ಕ್ಯಾನ್ಸರ್ ಬರುತ್ತದೆ. ಕಟ್ಟುವವರ ಎದೆಗೂ ಆ ಪುಡಿ ಹಿತವಲ್ಲ. ಆದ್ದರಿಂದ ತೆರಿಗೆ ಹೆಚ್ಚಿರಲಿ ಎಂದು ವೈದ್ಯರು ಹೇಳುವುದು ನ್ಯಾಯವಾದ ಮಾತು. ತೆರಿಗೆ ಏರಿದರೆ ಮಾರಾಟ ಇಳಿದು ಮೊರ ಖಾಲಿಯಾಗುತ್ತದೆ, ಲೆಕ್ಕಪತ್ರವಿಲ್ಲದ ಬೀಡಿಗೆ ದಾರಿಯಾಗುತ್ತದೆ ಎಂದು ಕಂಪೆನಿಗಳೂ ಕಾರ್ಮಿಕ ಸಂಘಗಳೂ ಅಪರೂಪಕ್ಕೆ ಒಂದೇ ಕಂಠದಿಂದ ಹೇಳುವುದೂ ಸುಳ್ಳಲ್ಲ. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಾಗ ಬೀಡಿಯ ಮೇಲೆ ಶೇಕಡಾ 28, ಎಲೆಯ ಮೇಲೆ 18 ಬಿತ್ತು. 2025ರ ಸೆಪ್ಟೆಂಬರಿನಲ್ಲಿ ಮಂಡಳಿ ಬೀಡಿಯದನ್ನು 18ಕ್ಕೆ, ಎಲೆಯದನ್ನು 5ಕ್ಕೆ ಇಳಿಸಲು ತೀರ್ಮಾನಿಸಿತು. ಅದೇ ಸಭೆಯಲ್ಲಿ ಸಿಗರೇಟಿಗೆ 40.

ಏರಿಕೆ ಇಳಿಕೆಗಳ ಈ ಗದ್ದಲದಲ್ಲಿ ಹೆಚ್ಚು ಜನರ ಕಣ್ಣಿಗೆ ಬೀಳದೆ ಹೋದ ಸಂಗತಿಯೊಂದುಂಟು. 1976ರ ಕಾಯಿದೆಯಂತೆ ಸಾವಿರ ಬೀಡಿಗೆ ಇಂತಿಷ್ಟು ಎಂದು ಒಂದು ಕರ ಇತ್ತು. ಅದು ಬೊಕ್ಕಸದಲ್ಲಿ ಕರಗಿಹೋಗುವ ತೆರಿಗೆಯಲ್ಲ. ಬೀಡಿ ಕಟ್ಟುವವರ ಚಿಕಿತ್ಸೆಗೆ, ಮನೆಗೆ, ಅವರ ಮಕ್ಕಳ ವಿದ್ಯಾರ್ಥಿವೇತನಕ್ಕೆಂದೇ ಮೀಸಲಾದ ಹಣ. ಆ ವಿದ್ಯಾರ್ಥಿವೇತನ ಪಡೆದು ಕಾಲೇಜಿನ ಮೆಟ್ಟಿಲು ಹತ್ತಿದವರು ಕರಾವಳಿಯಲ್ಲಿ ಹಲವರಿದ್ದಾರೆ. ತೆರಿಗೆಗಳನ್ನೆಲ್ಲ ಒಂದುಗೂಡಿಸುವ ಭರದಲ್ಲಿ 2017ರಲ್ಲಿ ಈ ಕರವನ್ನೂ ರದ್ದುಮಾಡಲಾಯಿತು. ಬೀಡಿಯಿಂದ ಬಂದ ಹಣ ಬೀಡಿ ಕಟ್ಟಿದವಳ ಮನೆಗೆ ಮರಳುತ್ತಿದ್ದ ದಾರಿ ಮುಚ್ಚಿತು. ಈಗ ಆ ಸೌಲಭ್ಯಗಳು ಆಯಾ ವರ್ಷದ ಆಯವ್ಯಯದ ಕೃಪೆಗೆ ಕಾಯಬೇಕು. ತೆರಿಗೆ ಶೇಕಡಾ 28 ಇರಲಿ, 18 ಇರಲಿ, ಅದರಲ್ಲಿ ಒಂದು ಪಾಲು ಆಕೆಗೆ ಬೇರೆ ಕೆಲಸ ಕಲಿಸಲು ಮೀಸಲಾಗದಿದ್ದರೆ ವೈದ್ಯರ ನ್ಯಾಯ ಅರ್ಧ ನ್ಯಾಯವಾಗಿಯೇ ಉಳಿಯುತ್ತದೆ. ದಿನೇಶ್ ಸಂಘದವರು ಬೀಡಿಗೆ ಬೇಡಿಕೆ ಕುಗ್ಗುವುದನ್ನು ಕಂಡು, 1990ರ ದಶಕದ ಕೊನೆಯಿಂದ ತೆಂಗಿನ ಹಾಲು, ಉಪ್ಪಿನಕಾಯಿ, ಕೊಡೆಗಳ ತಯಾರಿಕೆಗೆ ಕೈಹಾಕಿದರು. ಎಲ್ಲರಿಗೂ ಅದರಲ್ಲಿ ಕೆಲಸ ಸಿಕ್ಕಲಿಲ್ಲ, ನಿಜ. ಆದರೆ ದಾರಿ ಹುಡುಕುವ ಒಂದು ಸಂಸ್ಥೆಯಾದರೂ ಅವರಿಗಿತ್ತು.

ಉಡುಪಿಗೆ ಇಂಥ ಹುಡುಕಾಟ ಹೊಸದೇನಲ್ಲ. 1920ರ ದಶಕದಲ್ಲಿ ಕೈಮಗ್ಗದ ನೇಕಾರರು ಕೆಲಸವಿಲ್ಲದೆ ಕಂಗೆಟ್ಟಾಗ, ಅವರಿಗೆ ಸಾಲಸೌಕರ್ಯ ಒದಗಿಸುವ ಉದ್ದೇಶದಿಂದಲೇ ಡಾಕ್ಟರ್ ಟಿ. ಎಂ. ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಅವರು 1925ರಲ್ಲಿ ಇಲ್ಲಿ ಬ್ಯಾಂಕೊಂದನ್ನು ತೆರೆದರು. 1928ರಲ್ಲಿ ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುವ ಪಿಗ್ಮಿ ಠೇವಣಿ ಆರಂಭವಾಯಿತು. ಮಣಿಪಾಲವನ್ನು ಕೇಂದ್ರವಾಗಿಸಿಕೊಂಡು ಸಿಂಡಿಕೇಟ್ ಬ್ಯಾಂಕಾಗಿ ಬೆಳೆದ ಆ ಸಂಸ್ಥೆ 2020ರ ಏಪ್ರಿಲಿನಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು.

ಹೊಸ ಕೆಲಸಕ್ಕೆ ಸರಕಾರ ಪ್ರೋತ್ಸಾಹ ಕೊಡುತ್ತಿಲ್ಲವೇ ಎಂದು ಕೇಳಬಹುದು. ಕೊಡುತ್ತಿದೆ. 2025ರ ಆಗಸ್ಟಿನಿಂದ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ ಮೊದಲ ಬಾರಿಗೆ ಕೆಲಸಕ್ಕೆ ಸೇರಿದವರಿಗೆ 15,000 ರೂಪಾಯಿಯವರೆಗೆ, ಹೆಚ್ಚಿಗೆ ಜನರನ್ನು ನೇಮಿಸಿಕೊಂಡ ಮಾಲೀಕರಿಗೆ ಒಬ್ಬೊಬ್ಬರ ಲೆಕ್ಕದಲ್ಲಿ ತಿಂಗಳಿಗೆ 3,000ದವರೆಗೆ ದೊರೆಯುತ್ತದೆ. ಹೊಸಬರೆಂದರೆ ಯಾರು? ಅದುವರೆಗೆ ಭವಿಷ್ಯನಿಧಿಯ ಖಾತೆ ಇಲ್ಲದವರು. ನ್ಯಾಯಾಲಯದವರೆಗೆ ಹೋಗಿ ಗೆದ್ದುಕೊಂಡ ಆ ಖಾತೆಯೇ ನಲವತ್ತೆಂಟರ ಬೀಡಿ ಕಾರ್ಮಿಕಳಿಗೆ ಅಡ್ಡ ಬರುತ್ತದೆ! ಮೊರದಲ್ಲಿ ಎಲೆಯಿಲ್ಲದಿದ್ದರೂ ಸರಕಾರದ ಕಣ್ಣಿಗೆ ಆಕೆ ಹಳೆಯ ಕೆಲಸಗಾರ್ತಿ.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 1948ರ, 1966ರ ಕಾಯಿದೆಗಳೆರಡೂ ಇತಿಹಾಸಕ್ಕೆ ಸೇರಿದವು. ವೇತನ ಸಂಹಿತೆಯಲ್ಲಿ ಒಂದು ಒಳ್ಳೆಯ ಅಂಶವುಂಟು. ದೇಶಕ್ಕೆ ಅಥವಾ ಆಯಾ ಪ್ರದೇಶಕ್ಕೆ ತಳಮಟ್ಟದ ವೇತನವೊಂದನ್ನು ಕೇಂದ್ರ ಗೊತ್ತುಪಡಿಸಬೇಕು. ಯಾವ ರಾಜ್ಯವೂ ಅದಕ್ಕಿಂತ ಕೆಳಗಿಳಿಯುವಂತಿಲ್ಲ. ಆ ತಳವನ್ನು ತಕ್ಕಷ್ಟು ಎತ್ತರದಲ್ಲಿರಿಸಿದರೆ 1968ರಂತೆ ಮೊರ ಗಡಿ ದಾಟಿ ಓಡಲು ಕಾರಣವಿರದು. ತೀರ ತಗ್ಗಿಸಿ ಇಟ್ಟರೆ ಓಟ ತಪ್ಪದು.

ಅಷ್ಟರಲ್ಲಿ ಮನೆಮಂದಿ ತಮ್ಮದೇ ದಾರಿ ಕಂಡುಕೊಳ್ಳುತ್ತಿದ್ದಾರೆ. ಕಾಪು ತಾಲ್ಲೂಕಿನ ಶಂಕರಪುರದ ಸುತ್ತ ಮಲ್ಲಿಗೆಯ ಗಿಡ ನೆಟ್ಟವರುಂಟು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ದಿನದಿನವೂ ಬೇರೆ, ಮದುವೆಯ ಮುಹೂರ್ತವಿದ್ದಂದು ಗಗನಕ್ಕೆ, ಮಳೆಗಾಲದ ಆಷಾಢದಲ್ಲಿ ನೆಲಕ್ಕೆ. ಹೆಣ್ಣುಮಕ್ಕಳು ಬೆಳಗಿನ ಬಸ್ಸು ಹಿಡಿದು ಮಣಿಪಾಲದ ಆಸ್ಪತ್ರೆಗೋ ಹಾಸ್ಟೆಲಿಗೋ ಅಂಗಡಿಗೋ ಕೆಲಸಕ್ಕೆ ಹೋಗುತ್ತಾರೆ. ಅವರಲ್ಲಿ ಬೀಡಿ ಕಟ್ಟಲು ಬಲ್ಲವರು ಈಗ ವಿರಳ. ತಾಯಿಗೆ ಆ ಬಸ್ಸು ಹತ್ತುವ ವಯಸ್ಸು ಮೀರಿದೆ, ಕಲಿತದ್ದು ಈ ಒಂದೇ ವಿದ್ಯೆ. ಬ್ರಾಂಚಿನಲ್ಲಿ ವಾರವಿಡೀ ಸಿಗುತ್ತಿದ್ದ ಎಲೆ ಈಗ ಕೆಲವು ದಿನಕ್ಕಷ್ಟೇ ಸಿಗುತ್ತದೆ. ಉಳಿದ ದಿನಗಳಲ್ಲಿ ಮೊರವನ್ನು ಗೋಡೆಗೆ ಒರಗಿಸಿಟ್ಟು, ಸಂಜೆಯ ಬಸ್ಸಿಗೆ ಮಗಳು ಬಂದಿಳಿಯುವುದನ್ನು ಆಕೆ ಕಾಯುತ್ತಾಳೆ.